ಏಳುವ ಬಲ, ದಾಟುವ ಹೊತ್ತು

ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯ ಅಂಚಿನಲ್ಲಿರುವ ಬಿಳೇಕಹಳ್ಳಿಯ ಹಿರಿಯರಿಗೆ ಆಸ್ಪತ್ರೆಗಳ ಕೊರತೆಯಿದೆ ಎಂದು ಯಾರೂ ಹೇಳಲಾರರು. ಐಐಎಂ ಆವರಣದ ಎದುರಿಗೇ ಅಪೋಲೊ ಮತ್ತು ಫೋರ್ಟಿಸ್ ಆಸ್ಪತ್ರೆಗಳಿವೆ. ಅದೇ ರಸ್ತೆಯಲ್ಲಿ ಪೇಟೆಯ ಕಡೆಗೆ ಸಾಗಿದರೆ ಹೃದಯಕ್ಕೆ ಜಯದೇವ ಸಂಸ್ಥೆ, ಇನ್ನಷ್ಟು ಮುಂದೆ ಮೂಳೆ ಮುರಿತಕ್ಕೆ ಜಯನಗರದ ಸಂಜಯ ಗಾಂಧಿ ಸಂಸ್ಥೆ, ನರ ಮತ್ತು ಮನಸ್ಸಿನ ಕಾಯಿಲೆಗಳಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್, ಅದರ ಪಕ್ಕದಲ್ಲೇ ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆ ಸಿಗುತ್ತವೆ. ದೇಹದ ಒಂದೊಂದು ಭಾಗಕ್ಕೂ ಒಂದೊಂದು ಹೆಸರಾಂತ ಸಂಸ್ಥೆ ಇಷ್ಟು ಸಮೀಪದಲ್ಲಿರುವ ಬಡಾವಣೆಗಳು ದೇಶದಲ್ಲಿ ಹೆಚ್ಚಿಲ್ಲ. ಆದರೂ ಇಲ್ಲಿ ಬಾಳುವ ಎಪ್ಪತ್ತು ದಾಟಿದವರ ಆರೋಗ್ಯ ಬಹುಮಟ್ಟಿಗೆ ನಿರ್ಧಾರವಾಗುವುದು ಮನೆಗೂ ಆ ಕಟ್ಟಡಗಳಿಗೂ ನಡುವಿನ ಜಾಗದಲ್ಲಿ: ಮಂಚದಿಂದ ಏಳುವಾಗ, ಬಚ್ಚಲಿನ ಒದ್ದೆ ನೆಲದ ಮೇಲೆ ಕಾಲಿಡುವಾಗ, ಊಟದ ತಟ್ಟೆಯ ಮುಂದೆ ಕೂತಾಗ, ಮಾತನಾಡಿಸುವವರು ಇದ್ದಾರೋ ಇಲ್ಲವೋ ಎಂಬಲ್ಲಿ, ಮತ್ತು ರಸ್ತೆ ದಾಟುವ ಆ ಕೆಲವು ಸೆಕೆಂಡುಗಳಲ್ಲಿ.

ಈ ದೃಷ್ಟಿಗೆ ವಿಜ್ಞಾನದ ಬೆಂಬಲವಿದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಮುಪ್ಪು ಮತ್ತು ಆರೋಗ್ಯದ ವರದಿಯಲ್ಲಿ, ಆರೋಗ್ಯಕರ ಮುಪ್ಪು ಎಂದರೆ ರೋಗವಿಲ್ಲದಿರುವುದು ಎಂಬ ಹಳೆಯ ತಿಳಿವಳಿಕೆಯನ್ನು ಕೈಬಿಟ್ಟು, ತಾನು ಬೆಲೆ ಕೊಡುವ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ವ್ಯಕ್ತಿಗೆ ಸಾಧ್ಯವಾಗುವುದನ್ನೇ ಅಳತೆಗೋಲಾಗಿ ಇಟ್ಟಿತು. ಇದನ್ನು ಕ್ರಿಯಾಸಾಮರ್ಥ್ಯ ಎನ್ನಬಹುದು. ಅದಕ್ಕೆ ಎರಡು ಮೂಲಗಳಿವೆ. ಮೊದಲನೆಯದು ಅಂತರ್ಗತ ಸಾಮರ್ಥ್ಯ, ಅಂದರೆ ದೇಹ ಮತ್ತು ಮನಸ್ಸು ತಮ್ಮೊಳಗೆ ಉಳಿಸಿಕೊಂಡಿರುವ ಬಲ; ಎರಡನೆಯದು ಪರಿಸರ, ಅಂದರೆ ಮನೆ, ಬೀದಿ, ಬಸ್ಸು, ನೆರೆಹೊರೆ, ಕಾನೂನು, ಹಣ. ಸಕ್ಕರೆ ಕಾಯಿಲೆಯೂ ಬಿಪಿಯೂ ಇರುವ ಎಪ್ಪತ್ತೈದರ ಹೆಂಗಸು ತಾನೇ ತರಕಾರಿ ತಂದು ಅಡುಗೆ ಮಾಡಿ ಸಂಜೆ ಭಜನೆಗೆ ಹೋಗಿ ಬರುತ್ತಿದ್ದರೆ ಈ ಅಳತೆಯಲ್ಲಿ ಆಕೆ ಆರೋಗ್ಯವಂತೆ. ಯಾವ ರೋಗದ ಹೆಸರನ್ನೂ ಹೊತ್ತಿರದೆ, ಬೀಳುವ ಭಯಕ್ಕೆ ಮೂರನೇ ಮಹಡಿಯ ಫ್ಲಾಟಿನಿಂದ ತಿಂಗಳುಗಟ್ಟಲೆ ಕೆಳಗಿಳಿಯದವರು ಹಾಗಲ್ಲ.

ಇದು ಕೆಲವರ ಮನೆಯ ಮಾತಾಗಿ ಉಳಿದಿಲ್ಲ. 2011ರ ಜನಗಣತಿಯಲ್ಲಿ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ ಇದ್ದರು. 2036ರ ಹೊತ್ತಿಗೆ ಅವರು ಸುಮಾರು 22.7 ಕೋಟಿಯಾಗುತ್ತಾರೆಂದು ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ಅಂದಾಜು ಮಾಡಿದೆ. ದಕ್ಷಿಣದ ರಾಜ್ಯಗಳು ಈ ಹಾದಿಯಲ್ಲಿ ಉತ್ತರದವುಗಳಿಗಿಂತ ಮುಂದಿವೆ, ಏಕೆಂದರೆ ಇಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಮೊದಲೇ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು 1930ರಷ್ಟು ಹಿಂದೆಯೇ ತೆರೆದ ಮೈಸೂರು ಸಂಸ್ಥಾನದ ನಾಡು ಇದು ಎಂಬುದನ್ನು ಇಲ್ಲಿ ನೆನೆಯಬಹುದು. ಐದಾರು ಮಕ್ಕಳ ನಡುವೆ ಹಂಚಿಹೋಗುತ್ತಿದ್ದ ಅಪ್ಪ ಅಮ್ಮಂದಿರ ಆರೈಕೆ ಈಗ ಒಬ್ಬರ ಅಥವಾ ಇಬ್ಬರ ಮೇಲೆ ಬರುತ್ತಿದೆ. ಆ ಒಬ್ಬರು ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿಗೋ ಹೊರವರ್ತುಲ ರಸ್ತೆಗೋ ಕೆಲಸಕ್ಕೆ ಹೊರಟರೆ ಕತ್ತಲಾದ ಮೇಲೆ ಮನೆ ಸೇರುವವರು.

ರಸ್ತೆ ದಾಟುವ ಸೆಕೆಂಡುಗಳ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಾದಚಾರಿ ಸಿಗ್ನಲ್ಲುಗಳ ಅವಧಿಯನ್ನು ನಿಗದಿ ಮಾಡುವಾಗ ಎಂಜಿನಿಯರುಗಳು ಜಗತ್ತಿನ ಹಲವೆಡೆ ಬಳಸುತ್ತ ಬಂದಿರುವ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರು. ಇಂಗ್ಲೆಂಡಿನಲ್ಲಿ ಅರವತ್ತೈದು ದಾಟಿದವರ ನಡಿಗೆಯನ್ನು ಅಳೆದಾಗ ಗಂಡಸರ ಸರಾಸರಿ ವೇಗ 0.9 ಮೀಟರು, ಹೆಂಗಸರದು 0.8 ಮೀಟರು ಎಂದು 2012ರ ಅಧ್ಯಯನವೊಂದು ತೋರಿಸಿತು. 24 ಮೀಟರು ಅಗಲದ ರಸ್ತೆಯನ್ನು ಮೊದಲ ವೇಗದಲ್ಲಿ 20 ಸೆಕೆಂಡಿನಲ್ಲಿ ದಾಟಬಹುದು, 0.8ರ ವೇಗದಲ್ಲಿ 30 ಸೆಕೆಂಡು ಬೇಕು. ಆ ಹತ್ತು ಸೆಕೆಂಡುಗಳ ಅಂತರದಲ್ಲಿ ಹಿರಿಯರು ರಸ್ತೆಯ ನಡುವೆ, ಹೊರಟ ವಾಹನಗಳ ಎದುರಿಗೆ ಇರುತ್ತಾರೆ. ಬನ್ನೇರುಘಟ್ಟ ರಸ್ತೆಯಂಥ ಕಡೆ, ವರ್ಷಗಟ್ಟಲೆ ನಡೆದ ಮೆಟ್ರೊ ಕಾಮಗಾರಿಯ ನಡುವೆ, ಎಷ್ಟೋ ಜಾಗಗಳಲ್ಲಿ ಸಿಗ್ನಲ್ಲೇ ಇಲ್ಲದೆ ಕೈ ಮುಂದೆ ಚಾಚಿ ದಾಟಬೇಕಾದಾಗ, ಕಾಲಿನಷ್ಟೇ ಕಣ್ಣು, ಕಿವಿ ಮತ್ತು ವಾಹನದ ವೇಗವನ್ನು ಅಂದಾಜು ಮಾಡುವ ಮಿದುಳೂ ಚುರುಕಾಗಿರಬೇಕಾಗುತ್ತದೆ. ದಾಟಲಾರೆ ಎಂದು ಒಮ್ಮೆ ಅನ್ನಿಸಿದವರು ಆ ಕಡೆಯ ಪಾರ್ಕಿಗೂ ಔಷಧದ ಅಂಗಡಿಗೂ ಹೋಗುವುದನ್ನು ಬಿಡುತ್ತಾರೆ, ಹೋಗುವುದನ್ನು ಬಿಟ್ಟ ಮೇಲೆ ಕಾಲಿನ ಬಲ ಮತ್ತಷ್ಟು ಇಳಿಯುತ್ತದೆ, ಹೀಗೆ ಪರಿಸರದ ಕೊರತೆ ದೇಹದ ಕೊರತೆಯಾಗಿ ಮಾರ್ಪಡುತ್ತದೆ.

ನಡಿಗೆಯ ವೇಗವು ರಸ್ತೆಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಸುಮಾರು 34,000 ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿ ಸ್ಟೆಫನಿ ಸ್ಟುಡೆನ್‌ಸ್ಕಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು, ವ್ಯಕ್ತಿ ಎಂದಿನಂತೆ ನಡೆಯುವ ವೇಗಕ್ಕೂ ಆತ ಮುಂದೆ ಎಷ್ಟು ವರ್ಷ ಬದುಕಬಹುದೆಂಬುದಕ್ಕೂ ನಿಕಟ ಸಂಬಂಧವಿದೆ ಎಂದು ತೋರಿಸಿತು. ಕಾರಣ ಸರಳ: ನಡೆಯಲು ಹೃದಯ, ಶ್ವಾಸಕೋಶ, ರಕ್ತನಾಳ, ನರ, ಸ್ನಾಯು, ಮೂಳೆ, ಕೀಲು, ಕಣ್ಣು ಎಲ್ಲವೂ ಒಟ್ಟಿಗೆ ದುಡಿಯಬೇಕು, ಯಾವುದು ಸೋತರೂ ಹೆಜ್ಜೆ ನಿಧಾನವಾಗುತ್ತದೆ. ಅಳೆಯಲು ಬೇಕಾದದ್ದು ನಾಲ್ಕು ಮೀಟರಿನ ಓಣಿ ಮತ್ತು ಒಂದು ಗಡಿಯಾರ ಮಾತ್ರ; ಆದರೂ ಬಿಪಿ ನೋಡುವಷ್ಟು ಸಹಜವಾಗಿ ನಡಿಗೆಯನ್ನು ನೋಡುವ ಅಭ್ಯಾಸ ನಮ್ಮ ಚಿಕಿತ್ಸಾಲಯಗಳಲ್ಲಿ ಇನ್ನೂ ಬೇರೂರಿಲ್ಲ.

ನಡಿಗೆ ನಿಧಾನವಾಗಲು ದೊಡ್ಡ ಕಾರಣ ಸ್ನಾಯುವಿನ ನಷ್ಟ. ಮೂವತ್ತರ ನಂತರ ಪ್ರತಿ ದಶಕದಲ್ಲೂ ಸ್ನಾಯುರಾಶಿಯ ನೂರಕ್ಕೆ ಮೂರರಿಂದ ಎಂಟು ಪಾಲು ಕರಗುತ್ತದೆ, ಅರವತ್ತರ ಮೇಲೆ ಆ ವೇಗ ಹೆಚ್ಚುತ್ತದೆ, ಬಲವಂತೂ ರಾಶಿಗಿಂತ ಬೇಗ ಇಳಿಯುತ್ತದೆ. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಇದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರಿಟ್ಟರು. ಕನ್ನಡದಲ್ಲಿ ಮುಪ್ಪಿನ ಸ್ನಾಯುಕ್ಷಯ ಎನ್ನಬಹುದು. ಸ್ನಾಯುವಿನಲ್ಲಿ ನಿಧಾನವಾಗಿ, ದೀರ್ಘಕಾಲ ದುಡಿಯುವ ಎಳೆಗಳೂ ಇವೆ, ತಟ್ಟನೆ ಬಲ ತೋರುವ ವೇಗದ ಎಳೆಗಳೂ ಇವೆ. ಮುಪ್ಪು ಹೆಚ್ಚಾಗಿ ಕುಗ್ಗಿಸುವುದು ಈ ಎರಡನೆಯವನ್ನು. ಕಾಲು ಎಡವಿದಾಗ ಇನ್ನೊಂದು ಕಾಲನ್ನು ಕ್ಷಣಮಾತ್ರದಲ್ಲಿ ಮುಂದಿಟ್ಟು ದೇಹವನ್ನು ಹಿಡಿದು ನಿಲ್ಲಿಸಬೇಕಾದ ಎಳೆಗಳು ಅವೇ ಆದುದರಿಂದ, ದಿನಾ ಮೂರು ಕಿಲೋಮೀಟರು ವಾಕಿಂಗ್ ಮಾಡುವವರೂ ಹೊಸ್ತಿಲು ಎಡವಿ ಬೀಳುವುದು ವಿಚಿತ್ರವೇನಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು. ಸ್ನಾಯುಬಲಕ್ಕೆ ಅದೊಂದೇ ಸಾಲದು.

ಇಲ್ಲಿಯೇ ಮುಪ್ಪಿನ ವಿಜ್ಞಾನದ ಅತ್ಯಂತ ಆಶಾದಾಯಕ ಪ್ರಯೋಗವೊಂದನ್ನು ಹೇಳಬೇಕು. ಬಾಸ್ಟನ್ನಿನ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ವಾಸವಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಎಂಟು ವಾರ ಕಾಲ ತೊಡೆಯ ಸ್ನಾಯುಗಳಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊನೆಯವರೆಗೂ ಉಳಿದ ಒಂಬತ್ತು ಮಂದಿಯ ಬಲ ಸರಾಸರಿ ಶೇ 174ರಷ್ಟು ಏರಿತ್ತು, ಅಂದರೆ ಎರಡೂವರೆ ಪಟ್ಟಿಗೂ ಮೀರಿತ್ತು. ಆ ವಯಸ್ಸಿನ, ದುರ್ಬಲರಾಗಿದ್ದ ದೇಹಗಳೂ ಬಲ ಗಳಿಸಬಲ್ಲವೆಂದರೆ, ಅರವತ್ತೈದಕ್ಕೇ "ಇನ್ನೇನು, ವಯಸ್ಸಾಯಿತು" ಎಂದು ಕೂರುವುದಕ್ಕೆ ದೇಹದ ಕಡೆಯಿಂದ ಯಾವ ಸಮರ್ಥನೆಯೂ ಸಿಗುವುದಿಲ್ಲ. 1994ರಲ್ಲಿ ಅದೇ ತಂಡ ನೂರು ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನು ಮಾತ್ರ ಕೊಟ್ಟವರಲ್ಲಿ ಬಲ ಹೆಚ್ಚಲಿಲ್ಲ. ಮಕ್ಕಳು ಪ್ರೀತಿಯಿಂದ ತಂದಿಡುವ ಪ್ರೋಟೀನ್ ಪುಡಿಯ ಡಬ್ಬಿಗಳು ಮನೆಮನೆಯಲ್ಲಿ ಕಾಣುವ ಈ ಕಾಲದಲ್ಲಿ ಆ ಎರಡನೆಯ ಫಲಿತಾಂಶ ಮೊದಲನೆಯದರಷ್ಟೇ ಮುಖ್ಯವಾದುದು.

ಭಾರ ಎತ್ತುವುದೆಂದರೆ ಜಿಮ್ಮಿಗೆ ಹೋಗಬೇಕೆಂದಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ಮನೆ ವ್ಯಾಯಾಮದ ಕ್ರಮದಲ್ಲಿ ಇರುವುದು ಕುರ್ಚಿಯಿಂದ ಏಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಅಡುಗೆಮನೆಯ ಕಟ್ಟೆ ಹಿಡಿದು ಒಂದೇ ಕಾಲ ಮೇಲೆ ನಿಲ್ಲುವುದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ನೇರ ಗೆರೆಯಲ್ಲಿ ನಡೆಯುವುದು, ಕಾಲಿಗೆ ಸಣ್ಣ ತೂಕ ಕಟ್ಟಿಕೊಂಡು ಮಂಡಿ ಬಿಡಿಸುವುದು ಇಂಥವೇ. ಇವುಗಳಿಂದ ಬೀಳುವ ಪ್ರಕರಣಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ಅರವತ್ತೈದರ ಮೇಲಿನವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆಯ ಜೊತೆಗೆ, ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದೇ ತಿಳಿವಿನ ಮೇಲೆ. ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು ಊಟ ಮಾಡಿ ಏಳುತ್ತಿದ್ದ, ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದ ಮನೆಗಳಲ್ಲಿ ತೊಡೆಗಳಿಗೆ ದಿನಕ್ಕೆ ಹತ್ತಾರು ಬಾರಿ ಈ ಕೆಲಸ ತಾನಾಗಿ ಸಿಗುತ್ತಿತ್ತು. ಡೈನಿಂಗ್ ಟೇಬಲ್ಲು, ಎತ್ತರದ ಕಟ್ಟೆ, ಸೋಫಾ ಮತ್ತು ಕಮೋಡು ಬಂದ ಮೇಲೆ, ಮಂಡಿನೋವಿನವರಿಗೆ ನಿಜವಾದ ಅನುಕೂಲವಾಯಿತಾದರೂ, ಆ ಕೆಲಸವನ್ನು ಬೇಕೆಂದೇ ಹುಡುಕಿಕೊಂಡು ಮಾಡಬೇಕಾಗಿದೆ.

ವ್ಯಾಯಾಮದ ಜೊತೆ ಊಟವೂ ಕೂಡಿಬರಬೇಕು. ವಯಸ್ಸಾದ ಸ್ನಾಯು ಅದೇ ಪ್ರಮಾಣದ ಪ್ರೋಟೀನಿಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಆದ್ದರಿಂದ ಮೂತ್ರಪಿಂಡದ ತೊಂದರೆ ಇಲ್ಲದ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. ಅರವತ್ತು ಕಿಲೋ ತೂಗುವವರಿಗೆ ಅದು 60ರಿಂದ 72 ಗ್ರಾಂ. ಬೆಳಿಗ್ಗೆ ಎರಡು ಇಡ್ಲಿ, ಎರಡು ಸಲ ಕಾಫಿ, ಮಧ್ಯಾಹ್ನ ಅನ್ನ, ತಿಳಿಸಾರು, ಮಜ್ಜಿಗೆ, ಸಂಜೆ ಬಿಸ್ಕತ್ತು, ಹಲ್ಲಿಲ್ಲದ ಬಾಯಿಗೆ ಸುಲಭವೆಂದು ರಾತ್ರಿ ಉಪ್ಪಿಟ್ಟು ಎಂಬ ದಿನಚರಿಯನ್ನು ಲೆಕ್ಕ ಹಾಕಿದರೆ ಮೂವತ್ತು ಗ್ರಾಂ ಮುಟ್ಟುವುದೂ ಕಷ್ಟ. ನೂರು ಗ್ರಾಂ ತೊಗರಿಬೇಳೆ ಅಥವಾ ಹುರುಳಿಯಲ್ಲಿ ಸುಮಾರು 21 ಗ್ರಾಂ ಪ್ರೋಟೀನ್ ಇದೆ, ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿಯೂ ಅಷ್ಟೇ. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನು 7 ಗ್ರಾಂ ಮಾತ್ರ ಇದ್ದರೂ ಕ್ಯಾಲ್ಸಿಯಂ 360 ಮಿಲಿಗ್ರಾಮಿನಷ್ಟಿದ್ದು, ಧಾನ್ಯಗಳಲ್ಲೆಲ್ಲ ಅದು ಮೇಲಿನ ಸ್ಥಾನದಲ್ಲಿದೆ. ಹಳೆಯ ಬಿಳೇಕಹಳ್ಳಿಯಂಥ ಬಯಲುಸೀಮೆಯ ಊರುಗಳ ಮುದ್ದೆ, ಕಾಳು ಹಾಕಿದ ಬಸ್ಸಾರು, ಮೊಳಕೆಹುರುಳಿ ಸಾರು ಎಂಬ ಊಟ ಈ ದೃಷ್ಟಿಯಿಂದ ಅನ್ನ-ತಿಳಿಸಾರಿಗಿಂತ ಎಷ್ಟೋ ಮೇಲು. ಹಲ್ಲಿನ ಸೆಟ್ಟು ಸರಿಯಾಗಿ ಕೂರದಿರುವುದು ಎಷ್ಟೋ ಮನೆಗಳಲ್ಲಿ ಸ್ನಾಯುಕ್ಷಯದ ಮೊದಲ ಮೆಟ್ಟಿಲಾಗುತ್ತದೆ ಎಂಬುದನ್ನು ದಂತವೈದ್ಯರೂ ಮನೆಯವರೂ ಗಮನಿಸಬೇಕು.

ಸ್ನಾಯು ಸೋತು ಮೂಳೆ ಟೊಳ್ಳಾದವರಿಗೆ ಬೀಳುವುದು ದೊಡ್ಡ ಅಪಾಯ. ಜಗತ್ತಿನಲ್ಲಿ ಅರವತ್ತೈದು ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣಿನಿಂದ, ಒಳಗಿವಿಯ ಸಮತೋಲನದ ಅಂಗದಿಂದ, ಮತ್ತು ಅಂಗಾಲು, ಕೀಲುಗಳ ನರಗಳಿಂದ. ಕಣ್ಣಿನ ಪೊರೆ ಒಂದನ್ನು ಮಸುಕಾಗಿಸುತ್ತದೆ, ಹಳೆಯ ಸಕ್ಕರೆ ಕಾಯಿಲೆ ಅಂಗಾಲಿನ ಸಂವೇದನೆಯನ್ನು ಕುಂದಿಸುತ್ತದೆ. ರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೊರಟಾಗ ಕಣ್ಣಿನಿಂದ ಬರುವ ಉಳಿದ ಸುದ್ದಿಯೂ ಕಡಿದುಹೋಗುತ್ತದೆ. ಇದರ ಜೊತೆಗೆ, ಮಲಗಿದ್ದವರು ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುವುದನ್ನು ತಡೆಯಬೇಕಾದ ನರವ್ಯವಸ್ಥೆ ನಿಧಾನಗೊಂಡಿದ್ದರೆ, ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಕುಸಿದು ತಲೆ ತಿರುಗುತ್ತದೆ. ಕೂತಿರುವಾಗ ಮಾತ್ರ ಬಿಪಿ ನೋಡಿದರೆ ಇದು ಕಾಣುವುದೇ ಇಲ್ಲ.

ಎಷ್ಟೋ ಬಾರಿ ಬೀಳಿಸುವುದು ಮಾತ್ರೆಗಳು. ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಕಾಲು ಊದುತ್ತದೆ; ಊತವನ್ನು ಹೊಸ ಕಾಯಿಲೆಯೆಂದು ಭಾವಿಸಿ ಇನ್ನೊಬ್ಬ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆ ಬರೆಯುತ್ತಾರೆ; ಅದರಿಂದ ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗಿ ನಿದ್ದೆ ಕೆಡುತ್ತದೆ; ನಿದ್ದೆಗೆ ಮತ್ತೊಂದು ಮಾತ್ರೆ ಸೇರುತ್ತದೆ; ಆ ಮಂಪರಿನಲ್ಲಿ, ಇಳಿದ ಬಿಪಿಯಲ್ಲಿ, ಎರಡು ಗಂಟೆ ರಾತ್ರಿಯಲ್ಲಿ ಬಚ್ಚಲಿನ ಬಾಗಿಲಲ್ಲಿ ಬಿದ್ದು ತೊಡೆಯ ಮೂಳೆಯ ಕತ್ತು ಮುರಿಯುತ್ತದೆ. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ರೋಗವೆಂದು ಎಣಿಸಿ ಇನ್ನೊಂದು ಮಾತ್ರೆ ಬರೆಯುವ ಈ ಸರಪಳಿಯನ್ನು ಪೌಲಾ ರೋಶಾನ್ ಮತ್ತು ಜೆರ್ರಿ ಗುರ್ವಿಟ್ಸ್ 1990ರ ದಶಕದಲ್ಲಿ ಗುರುತಿಸಿ ವಿವರಿಸಿದರು. ಇಲ್ಲಿ ಯಾರೊಬ್ಬರೂ ಅಜಾಗರೂಕರಲ್ಲ ಎಂಬುದೇ ಕಳವಳದ ವಿಷಯ: ಹೃದಯಕ್ಕೆ ಒಂದು ಕಡತ, ಮೂಳೆಗೆ ಇನ್ನೊಂದು, ನರಕ್ಕೆ ಮತ್ತೊಂದು ಇರುವಾಗ, ಪ್ಲಾಸ್ಟಿಕ್ ಚೀಲದಲ್ಲಿ ಸೇರಿಕೊಂಡ ಹನ್ನೆರಡು ಬಗೆಯ ಮಾತ್ರೆಗಳನ್ನು ಒಟ್ಟಿಗೆ ಮೇಜಿನ ಮೇಲೆ ಸುರಿದು ನೋಡುವವರು ಯಾರೂ ಇರುವುದಿಲ್ಲ. ಬಿಳೇಕಹಳ್ಳಿಯ ಸುತ್ತ ದೊಡ್ಡ ಸಂಸ್ಥೆಗಳು ಹೆಚ್ಚಿರುವುದರಿಂದಲೇ ಈ ಅಪಾಯವೂ ಹೆಚ್ಚು.

ಹಾಗೆ ಒಟ್ಟಿಗೆ ನೋಡುವ ವಿದ್ಯೆಗೆ ವೃದ್ಧವೈದ್ಯಶಾಸ್ತ್ರ ಎಂದು ಹೆಸರು. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ, ವಾಸಿಯಾಗದವರೆಂದು ಹಾಸಿಗೆಯಲ್ಲೇ ಬಿಟ್ಟಿದ್ದ ನೂರಾರು ವೃದ್ಧರ ಹೊಣೆ ಹೊತ್ತ ಮಾರ್ಜರಿ ವಾರೆನ್, ಒಬ್ಬೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿ, ಎಬ್ಬಿಸಿ ನಡೆಸಿ, ಹಾಸಿಗೆಗಳ ನಡುವೆ ಬೆಳಕು ಮತ್ತು ಜಾಗ ಮಾಡಿಸಿ, ಅನೇಕರನ್ನು ಮನೆಗೆ ಕಳುಹಿಸಿದ್ದು ಇದರ ಆರಂಭ. ಭಾರತದಲ್ಲಿ ಡಾ. ವಿ.ಎಸ್. ನಟರಾಜನ್ ಅವರ ಶ್ರಮದಿಂದ ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ 1996ರಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಶುರುವಾಯಿತು. ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ತಜ್ಞರ ಸಂಖ್ಯೆ ಬೇಗ ಬೆಳೆಯುವಂಥದ್ದಲ್ಲ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಳಮಟ್ಟದ ಆರೋಗ್ಯ ಕಾರ್ಯಕರ್ತರಿಗೆಂದೇ ಒಂದು ಸರಳ ಪರೀಕ್ಷಾಕ್ರಮವನ್ನು ಕೈಪಿಡಿಯಾಗಿ ಹೊರತಂದಿತು. ಕೈಯೂರದೆ ಕುರ್ಚಿಯಿಂದ ಐದು ಸಲ 14 ಸೆಕೆಂಡಿನೊಳಗೆ ಏಳಲು ಆಗುತ್ತದೆಯೇ, ಮೂರು ತಿಂಗಳಲ್ಲಿ ಪ್ರಯತ್ನವಿಲ್ಲದೆ ಮೂರು ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ, ಪಿಸುಮಾತು ಕೇಳಿಸುತ್ತದೆಯೇ, ಕಣ್ಣು ಕಾಣುತ್ತದೆಯೇ, ಹೇಳಿದ ಮೂರು ಪದಗಳು ಸ್ವಲ್ಪ ಹೊತ್ತಿನ ಮೇಲೂ ನೆನಪಿನಲ್ಲಿವೆಯೇ, ಮನಸ್ಸು ಕುಗ್ಗಿದೆಯೇ ಎಂಬವೇ ಅದರ ಪ್ರಶ್ನೆಗಳು. ಬಡಾವಣೆಯ ಸರ್ಕಾರಿ ‘ನಮ್ಮ ಕ್ಲಿನಿಕ್ಕಿ’ನ ನರ್ಸ್ ಕಾಲು ಗಂಟೆಯಲ್ಲಿ ಇದನ್ನು ಮುಗಿಸಬಲ್ಲರು.

ನೆನಪಿನ ಪ್ರಶ್ನೆ ಬೇರೆಯಾಗಿ ಚರ್ಚಿಸಬೇಕಾದಷ್ಟು ದೊಡ್ಡದು. ಅರವತ್ತಕ್ಕೆ ಅರಳುಮರಳು ಎಂದು ಒಪ್ಪಿಕೊಂಡಿರುವ ಸಮಾಜದಲ್ಲಿ ಡಿಮೆನ್ಶಿಯಾ ಎಂಬ ಕಾಯಿಲೆ ವಯಸ್ಸಿನ ಸಹಜ ಗುಣವೆಂದೇ ಭಾವಿಸಲ್ಪಟ್ಟು, ವೈದ್ಯರ ಬಳಿಗೆ ತಡವಾಗಿ ಬರುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸಿನ ಮರೆವು. ನಲವತ್ತು ವರ್ಷ ಮಾಡಿದ ಹುಳಿಯನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ತೋಚದಿರುವುದು, ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪುವುದು ಕಾಯಿಲೆಯ ಸೂಚನೆ. ದೇಶವ್ಯಾಪಿ ಅಧ್ಯಯನವೊಂದರ 2023ರ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಹೆಣ್ಣುಮಕ್ಕಳಿಗೆ ಓದು ದಕ್ಕದಿದ್ದ ಕಾಲದ ಪರಿಣಾಮ ಅವರ ಮುಪ್ಪಿನಲ್ಲಿ ಹೀಗೆ ತೋರುತ್ತಿರುವುದು ನೋವಿನ ಸಂಗತಿ, ಏಕೆಂದರೆ ಬಾಲ್ಯದ ಶಿಕ್ಷಣ ಮಿದುಳಿಗೆ ಕೊಡುವ ಮೀಸಲು ಬಲ ಮುಂದೆ ಹಾನಿಯನ್ನು ತಡೆದುಕೊಳ್ಳಲು ನೆರವಾಗುತ್ತದೆ.

ಕರ್ನಾಟಕದಲ್ಲಿ ಈ ಕ್ಷೇತ್ರದ ಬಹು ಮುಖ್ಯ ಕೆಲಸವೊಂದು ನಡೆಯುತ್ತಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಅಲ್ಲಿ ನಲವತ್ತೈದು ದಾಟಿದ, ನೆನಪು ಚೆನ್ನಾಗಿರುವ ಹತ್ತು ಸಾವಿರ ಮಂದಿಯನ್ನು ವರ್ಷ ವರ್ಷವೂ ಹಿಂಬಾಲಿಸಿ ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಯುರೋಪ್, ಅಮೆರಿಕದ ಅಧ್ಯಯನಗಳಲ್ಲಿ ಓದಿದ, ನಗರದ, ಉಣ್ಣಲು ಕೊರತೆಯಿಲ್ಲದ ಜನರೇ ಹೆಚ್ಚು. ಅವರ ಮಿದುಳಿನ ಬಗ್ಗೆ ತಿಳಿದದ್ದನ್ನೇ ಟೊಮೆಟೊ ತೋಟದಲ್ಲಿ ದುಡಿದು ಮುಪ್ಪಾದವರಿಗೆ ಅನ್ವಯಿಸಲಾಗದು. ನೆನಪಿನ ಪರೀಕ್ಷೆಗಳೂ ಬದಲಾಗಬೇಕಾಗುತ್ತದೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದು ಶಾಲೆ ಕಾಣದವರನ್ನು ಕೇಳಿದರೆ ಅಳತೆಯಾಗುವುದು ಶಾಲೆಯೇ ಹೊರತು ಮಿದುಳಲ್ಲ. ಆದ್ದರಿಂದ ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಓದುಬರಹ ಬಾರದ ಹಿರಿಯರಿಗಾಗಿ ರೂಪಿಸಿದ ಪರೀಕ್ಷೆಯಲ್ಲಿ ವಾರದ ದಿನಗಳನ್ನು ಹಿಂದಿನಿಂದ ಹೇಳಲು ಕೇಳಲಾಯಿತು. ಇಂಥ ಹೊಂದಾಣಿಕೆಗಳ ತಾಳ್ಮೆಯ ಕೆಲಸದಿಂದಲೇ ನಮ್ಮ ಜನರ ಮಿದುಳಿನ ಬಗ್ಗೆ ನಂಬಬಹುದಾದ ತಿಳಿವು ಹುಟ್ಟುತ್ತದೆ.

ಡಿಮೆನ್ಶಿಯಾವನ್ನು ಗುಣಪಡಿಸುವ ಔಷಧ ಇಲ್ಲ. ತಡೆಯುವ ಅವಕಾಶ ಮಾತ್ರ ಊಹಿಸಿದ್ದಕ್ಕಿಂತ ದೊಡ್ಡದು. ಲ್ಯಾನ್ಸೆಟ್ ಆಯೋಗ 2024ರಲ್ಲಿ ಬದಲಿಸಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿ, ಅವೆಲ್ಲ ಇಲ್ಲವಾದರೆ ಶೇ 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದಿತು. ಬಿಪಿ, ಸಕ್ಕರೆ, ಹೊಗೆಸೊಪ್ಪು, ಕೊಬ್ಬು ಅದರಲ್ಲಿವೆ. ಹಲವರಿಗೆ ಅಚ್ಚರಿಯಾಗುವ ಕಾರಣ ಕಿವುಡು. ಕಿವಿ ಕೇಳಿಸದವರು ಮಾತಿನಿಂದ ಹಿಂದೆ ಸರಿಯುತ್ತಾರೆ, ಕೇಳಿಸಿಕೊಳ್ಳಲೆಂದೇ ಮಿದುಳು ತನ್ನ ಬಲವನ್ನೆಲ್ಲ ವ್ಯಯಿಸುತ್ತದೆ, ಶಬ್ದ ತಲುಪದ ಭಾಗಗಳು ಸೊರಗುತ್ತವೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ರವಣಯಂತ್ರ ಎಲ್ಲರಿಗೂ ಒಂದೇ ತೆರನಾಗಿ ನೆರವಾಗಲಿಲ್ಲ. ಆದರೆ ಹೆಚ್ಚು ಅಪಾಯದಲ್ಲಿದ್ದ ಗುಂಪಿನಲ್ಲಿ ಬುದ್ಧಿಶಕ್ತಿಯ ಇಳಿಕೆ ಅರ್ಧದಷ್ಟು ನಿಧಾನವಾಯಿತು. ಕನ್ನಡಕ ಹಾಕಲು ಯಾರೂ ಸಂಕೋಚಪಡುವುದಿಲ್ಲ, ಕಿವಿಯ ಯಂತ್ರವನ್ನು ಮಾತ್ರ ಬೀರುವಿನಲ್ಲಿ ಇಟ್ಟಿರುತ್ತಾರೆ. ಹೊಸ ಯಂತ್ರಕ್ಕೆ ಮಿದುಳು ಒಗ್ಗಲು ವಾರಗಳೇ ಬೇಕೆಂದು ಕೊಡುವವರು ತಿಳಿಸಿ ಹೇಳಿದರೆ ಅವುಗಳಲ್ಲಿ ಎಷ್ಟೋ ಬಳಕೆಗೆ ಬಂದಾವು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದ ಅಡಿಯಲ್ಲಿ ಜಯನಗರದ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯ ತೆರೆದಿರುವುದು ದಕ್ಷಿಣ ಬೆಂಗಳೂರಿನವರಿಗೆ ಕೈಗೆಟಕುವ ಅನುಕೂಲ.

ಮಾತು ಮತ್ತು ಒಡನಾಟದ ಬಲವನ್ನೂ ಅಳೆಯಲಾಗಿದೆ. ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಅವರ ತಂಡ 2010ರಲ್ಲಿ 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿದ್ದವರು ಬದುಕುಳಿಯುವ ಸಾಧ್ಯತೆ ಉಳಿದವರಿಗಿಂತ ಶೇ 50ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಹಾಸನ, ಮಂಡ್ಯ, ಶಿವಮೊಗ್ಗ, ಧಾರವಾಡದ ಕಡೆಯಿಂದ ಮಕ್ಕಳ ಮನೆಗೆಂದು ಬೆಂಗಳೂರಿನ ಫ್ಲಾಟುಗಳಿಗೆ ಬಂದು ಸೇರಿದ ಹಿರಿಯರಿಗೆ ಇಲ್ಲದಿರುವುದು ಇದೇ: ಜಗುಲಿ ಇಲ್ಲ, ಹೆಸರು ಹಿಡಿದು ಕೂಗುವವರಿಲ್ಲ, ಎದುರು ಬಾಗಿಲಿನವರ ಭಾಷೆ ಬೇರೆ. ಇಂಥ ಕಡೆ ಸಾರ್ವಜನಿಕ ವ್ಯವಸ್ಥೆಗಳು ಔಷಧದಂತೆಯೇ ಕೆಲಸ ಮಾಡಬಲ್ಲವು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದಾಗ, ದುಡ್ಡಿಗಾಗಿ ಮಗನ ಮುಂದೆ ಕೈಯೊಡ್ಡದೆ ಅಕ್ಕನ ಮನೆಗೋ ಬನಶಂಕರಿ ದೇವಸ್ಥಾನಕ್ಕೋ ಹೋಗಿಬರುವ ಸ್ವಾತಂತ್ರ್ಯ ಎಷ್ಟೋ ವಯಸ್ಸಾದ ಹೆಂಗಸರಿಗೆ ಸಿಕ್ಕಿತು. ಅದನ್ನು ಸಾರಿಗೆಯ ಖರ್ಚೆಂದು ಮಾತ್ರ ಎಣಿಸುವುದು ಸರಿಯಲ್ಲ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಮಂಡಿಯೆತ್ತರದಲ್ಲಿದ್ದು, ಚಾಲಕ ರಸ್ತೆಯ ನಡುವೆ ನಿಲ್ಲಿಸಿದರೆ ಉಚಿತ ಟಿಕೆಟ್ಟೂ ನಿರುಪಯೋಗಿ. 2010ರಿಂದ ನಾಗರಿಕರ ಟ್ರಸ್ಟೊಂದು ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಿ ಬೆಳೆಸಿದ ಬಗೆಯಲ್ಲಿ, ಸುತ್ತಲೂ ನಡೆಯುವ ದಾರಿ ಇರುವ ಕೆರೆಗಳೂ ಪಾರ್ಕುಗಳೂ ಹಿರಿಯರಿಗೆ ಗೆಳೆತನದ ಜಾಗಗಳಾಗುತ್ತವೆ. ಅಲ್ಲಿ ನೂರು ಹೆಜ್ಜೆಗೊಂದು ಬೆನ್ನೊರಗಿನ ಬೆಂಚು ಮತ್ತು ಶುಚಿಯಾದ ಶೌಚಾಲಯ ಇರಬೇಕು, ಏಕೆಂದರೆ ಮೂತ್ರ ತಡೆಯಲಾರದ ಸಂಕೋಚಕ್ಕೆ ಮನೆಯಿಂದ ಹೊರಬೀಳದವರು ಬಹಳ.

ಹಣ ಮತ್ತು ಕಾನೂನಿನ ಸಂಗತಿಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಅರವತ್ತೈದು ದಾಟಿದ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮಾತ್ರೆಗಳಿಗೇ ಅದು ಸಾಲದೆಂಬುದು ಎಲ್ಲರಿಗೂ ಗೊತ್ತು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಿ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ, ಅದೇ ಕಾಯ್ದೆಯ 23ನೇ ಕಲಮಿನಡಿ ಹಿಂದಕ್ಕೆ ಪಡೆಯಬಹುದು. ಕಿರುಕುಳಕ್ಕೆ ಒಳಗಾದವರಿಗೆಂದು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರು ಪೊಲೀಸರೊಂದಿಗೆ 2002ರಲ್ಲಿ 1090 ಸಹಾಯವಾಣಿ ಆರಂಭಿಸಿತು. ದೇಶವ್ಯಾಪಿಯಾಗಿ 14567 ಇದೆ.

ಈ ಎಲ್ಲ ವ್ಯವಸ್ಥೆಗಳ ಲೆಕ್ಕದಿಂದ ಹೊರಗುಳಿಯುವವರೆಂದರೆ ಆರೈಕೆ ಮಾಡುವವರು. ಎಂಬತ್ತರ ಗಂಡನಿಗೆ ಸ್ನಾನ ಮಾಡಿಸಿ, ಮಗ್ಗುಲು ಬದಲಿಸಿ, ರಾತ್ರಿ ಅವರೊಡನೆ ಎಚ್ಚರವಿರುವವರು ಬಹಳ ಮನೆಗಳಲ್ಲಿ ಎಪ್ಪತ್ತೈದರ ಹೆಂಡತಿ, ಇಲ್ಲವೇ ತಾನೇ ಅರವತ್ತಕ್ಕೆ ಬಂದ ಸೊಸೆ ಅಥವಾ ಮಗಳು. ಆಕೆ ಆಸ್ಪತ್ರೆಗೆ ತಿಂಗಳಿಗೊಮ್ಮೆ ಬರುತ್ತಾಳೆ, ಕಡತ ಹಿಡಿದು ಕೋಣೆಯ ಹೊರಗೆ ಕೂರುತ್ತಾಳೆ, ವೈದ್ಯರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಾಳೆ. ಆಕೆಯ ಹೆಸರಿನಲ್ಲಿ ಮಾತ್ರ ಕಡತ ಇರುವುದಿಲ್ಲ. ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುವವರಲ್ಲಿ ಖಿನ್ನತೆ ಸಾಮಾನ್ಯವೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ, ಎತ್ತಿ ಇಳಿಸುವ ಕೆಲಸದಿಂದ ಬೆನ್ನುನೋವು ತಪ್ಪಿದ್ದಲ್ಲ, ತನ್ನ ಬಿಪಿ ಮಾತ್ರೆಯನ್ನು ಮರೆಯುವವಳೂ ಆಕೆಯೇ. ಹಗಲು ಹೊತ್ತಿನಲ್ಲಿ ಹಿರಿಯರನ್ನು ನೋಡಿಕೊಳ್ಳುವ ಡೇ-ಕೇರ್ ಕೇಂದ್ರಗಳು ವಾರ್ಡಿಗೊಂದರಂತೆ ಇದ್ದರೆ ವಾರಕ್ಕೆರಡು ದಿನವಾದರೂ ಆಕೆಗೆ ಬಿಡುವು ಸಿಗುತ್ತದೆ. ಅದಾಗುವ ಮೊದಲೇ ಇಂದಿನ ಚಿಕಿತ್ಸಾಲಯಗಳಲ್ಲಿ ಖರ್ಚಿಲ್ಲದೆ ಶುರುಮಾಡಬಹುದಾದ ಕೆಲಸ ಒಂದಿದೆ: ಗಂಡನ ಪರೀಕ್ಷೆ ಮುಗಿದ ಮೇಲೆ ಹೊರಗೆ ಕೂತಿರುವ ಆಕೆಯನ್ನೂ ಒಳಗೆ ಕರೆದು, ನಿದ್ದೆ ಬರುತ್ತದೆಯೇ ಎಂದು ಕೇಳಿ, ನಿಲ್ಲಿಸಿ ಬಿಪಿ ನೋಡಿ, ಕೈಯೂರದೆ ಕುರ್ಚಿಯಿಂದ ಐದು ಸಲ ಏಳಲು ಹೇಳಿ, ಅದನ್ನು ಆಕೆಯದೇ ಹೆಸರಿನ ಹೊಸ ಕಡತದಲ್ಲಿ ಬರೆದಿಡುವುದು.